ಎಡಗಣ್ಣಿನ ಪಾಲು

ಆ ಮನೆಯಲ್ಲಿ ಏನನ್ನೇ ಹಂಚುವುದಿದ್ದರೂ ಚಾಕು ಅಜ್ಜಿಯ ಕೈಗೇ ಹೋಗಬೇಕು. ಅದು ಬೇಕರಿ ಮನೆ. ಬೀದಿಗೆ ಅಂಗಡಿ, ಅದರ ಹಿಂದೆ ಒಲೆಯ ಕೋಣೆ, ಅದರ ಹಿಂದೆ ಸಂಸಾರ. ಸೊಸೆಯಾಗಿ ಬಂದ ದಿನದಿಂದ ಮೊಣಕಾಲು ಕೈಕೊಡುವವರೆಗೂ ಅಜ್ಜಿ ಮಾಡಿದ್ದು ಒಂದೇ ಕೆಲಸ, ಹಿಟ್ಟು ತುಂಡು ಮಾಡುವುದು. ನಾದಿದ ರಾಶಿಯಿಂದ ಅವಳು ಕಿತ್ತು ಕಿತ್ತು ಮೇಜಿನ ಮೇಲೆ ಹಾಕುತ್ತಿದ್ದ ಉಂಡೆಗಳನ್ನು ತಕ್ಕಡಿಗೆ ಹಾಕಿ ನೋಡಿದವರು ಸೋತು ಸುಮ್ಮನಾಗಿದ್ದರು. ಆ ಕೈಯ ಹೆಮ್ಮೆ ಅವಳಿಗೆ ಎಷ್ಟಿತ್ತೆಂದರೆ, ಒಂದು ಸೇಬು ಹೆಚ್ಚಿದರೂ ಹೋಳುಗಳನ್ನು ತಟ್ಟೆಯಲ್ಲಿಟ್ಟು ಒಮ್ಮೆ ಎಲ್ಲರ ಮುಖ ನೋಡುತ್ತಿದ್ದಳು, ಯಾರಾದರೂ ತಕರಾರು ತೆಗೆಯಲಿ ನೋಡೋಣ ಎನ್ನುವ ಹಾಗೆ. ಯಾರೂ ತೆಗೆಯುತ್ತಿರಲಿಲ್ಲ. ಆ ಮನೆಯ ತಕರಾರುಗಳೆಲ್ಲ ಹೋಳು ಮಾಡಲಾಗದ ವಿಷಯಗಳಲ್ಲಿದ್ದವು.

ಅಜ್ಜಿಗೆ ಒಬ್ಬ ಮಗ, ಅವನಿಗಿಂತ ತುಂಬಾ ಚಿಕ್ಕವಳಾದ ಒಬ್ಬಳು ಮಗಳು. ಅಣ್ಣ ಮುದ್ದಿನಿಂದ ತಂಗಿ ಎಂದು ಕರೆದದ್ದೇ ಅವಳಿಗೆ ಹೆಸರಾಗಿ, ತಾಯಿಯೂ ತಂಗಿ ಎಂದಳು, ಬೀದಿಯೂ ತಂಗಿ ಎಂದಿತು. ಈಗ ಅವಳಿಗೆ ಇಪ್ಪತ್ತೊಂದು. ಎರಡು ಬೀದಿಯಾಚೆಯ ಕನ್ನಡಕದ ಅಂಗಡಿಯಲ್ಲಿ, ಹಿಂದಿನ ಕೋಣೆಯಲ್ಲಿ ಕೂತು, ಲೆನ್ಸುಗಳ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಅವಳ ಮೂಗಿನ ಮೇಲೂ ದಪ್ಪ ಕನ್ನಡಕ. ಅಣ್ಣ ಒಲೆ ನೋಡಿಕೊಳ್ಳುತ್ತಾನೆ, ಅತ್ತಿಗೆ ಗಲ್ಲಾದಲ್ಲಿ ಕೂರುತ್ತಾಳೆ. ಅವರ ಒಬ್ಬಳೇ ಮಗಳು ಹುಟ್ಟಿದಾಗ ಚೋಟುದ್ದ ಇದ್ದಳೆಂದು ಚೋಟಿ. ಒಂಬತ್ತು ವರ್ಷದ ಚೋಟಿ ತನ್ನ ಸೋದರತ್ತೆಯನ್ನು ತಂಗತ್ತೆ ಎನ್ನುತ್ತಿದ್ದಳು.

ಚೋಟಿಗೆ ಕನ್ನಡಕ ಬಂದು ಎರಡು ವರ್ಷವಾಗಿತ್ತು. ಪ್ರತಿ ಸಲ ಪರೀಕ್ಷೆಗೆ ಹೋದಾಗಲೂ ಪವರ್ ಒಂದಿಷ್ಟು ಮೇಲೆ. ಈ ಸಲ ಕಣ್ಣಿನ ಡಾಕ್ಟರಮ್ಮ ಅತ್ತಿಗೆಯನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಮಗುವಿನ ಕಣ್ಣುಗುಡ್ಡೆ ಬೇಗ ಬೇಗ ಉದ್ದಕ್ಕೆ ಬೆಳೆಯುತ್ತಿದೆ, ಬಂದ ಪವರ್ ಹಿಂದಕ್ಕೆ ಹೋಗುವುದಿಲ್ಲ, ಆದರೆ ಮುಂದಕ್ಕೆ ಓಡುವುದನ್ನು ನಿಧಾನ ಮಾಡಬಹುದು. ದಾರಿಗಳು ಮೂರಿವೆ. ಗಾಜಿನ ಸುತ್ತ ಸಣ್ಣ ಸಣ್ಣ ಉಬ್ಬುಗಳಿರುವ ವಿಶೇಷ ಕನ್ನಡಕ ಒಂದು, ರಾತ್ರಿ ಮಲಗುವಾಗ ಹಾಕಿ ಬೆಳಿಗ್ಗೆ ತೆಗೆಯುವ ಗಟ್ಟಿ ಲೆನ್ಸ್ ಇನ್ನೊಂದು, ದಿನವೂ ಮಲಗುವ ಮುಂಚೆ ಎರಡೂ ಕಣ್ಣಿಗೆ ಹಾಕುವ ತೆಳು ಔಷಧಿಯ ಹನಿ ಮತ್ತೊಂದು. ಯಾವುದು ಯಾವ ಮಗುವಿಗೆ ಹೆಚ್ಚು ಒಗ್ಗುತ್ತದೆ ಎಂದು ಮೊದಲೇ ಹೇಳಲಾಗದು. ಯಾವುದನ್ನೇ ಆರಿಸಿಕೊಂಡರೂ ಮಗು ದಿನವೂ ಹಗಲು ಬೆಳಕಿನಲ್ಲಿ ಹೊರಗೆ ಆಡಬೇಕು. ಮನೆಯವರೊಂದಿಗೆ ಮಾತಾಡಿ ಬನ್ನಿ ಎಂದರು.

ಮನೆಯವರೊಂದಿಗೆ ಮಾತಾಡುವುದೆಂದರೆ ಊಟಕ್ಕೆ ಕೂತು ಜಗಳವಾಡುವುದು. ಅಣ್ಣ ಹನಿ ಸಾಕೆಂದ, ಅತ್ತಿಗೆಗೆ ರಾತ್ರಿಯ ಲೆನ್ಸೇ ಬೇಕಿತ್ತು. ಔಷಧಿ ಅಂಗಡಿಯವನ ಮಗಳು ಅದನ್ನೇ ಹಾಕುತ್ತಿದ್ದಳು, ಹಗಲೆಲ್ಲ ಕನ್ನಡಕವಿಲ್ಲದೆ ಬೀದಿ ತುಂಬ ಓಡಾಡುತ್ತಿದ್ದಳು. ಅವಳ ತಾಯಿ ಬ್ರೆಡ್ ಕೊಳ್ಳಲು ಬಂದಾಗಲೆಲ್ಲ ಮಗಳನ್ನು ಗಲ್ಲಾದ ಮುಂದೆ ಹೀಗೆ ತಿರುಗಿಸಿ ಹಾಗೆ ತಿರುಗಿಸಿ ನಿಲ್ಲಿಸುವುದನ್ನು ನೋಡಿ ನೋಡಿ ಅತ್ತಿಗೆಗೆ ಹೊಟ್ಟೆಯಲ್ಲಿ ಕಿಚ್ಚು ಎದ್ದಿತ್ತು. ಮೇಷ್ಟರ ಮಗಳಿಗೆ ಉಬ್ಬುಗಳ ಕನ್ನಡಕ, ಔಷಧಿ ಅಂಗಡಿಯವನ ಮಗಳಿಗೆ ಲೆನ್ಸ್, ನನ್ನ ಮಗಳಿಗೆ ಮಾತ್ರ ಬರೀ ಹನಿಯೇ ಎಂದಳು.

"ಈ ಮನೇಲಿ ಹಲ್ಲುಜ್ಜೋ ಬ್ರಷ್ ಮೇಲೂ ಮೈದಾ ಇರುತ್ತೆ" ಎಂದ ಅಣ್ಣ. "ಕಣ್ಣೊಳಗೆ ಇಡೋ ಲೆನ್ಸ್ ಮೇಲೆ ಇರಲ್ವಾ?"

ಲೆನ್ಸಿನ ಮಾತು ಅಲ್ಲಿಗೇ ಮುಗಿಯಿತು. ಉಬ್ಬುಗಳ ಕನ್ನಡಕವೂ ಕೂಡಿ ಬರಲಿಲ್ಲ, ಏಕೆಂದರೆ ಚೋಟಿ ಇರುವ ಕನ್ನಡಕವನ್ನೇ ಎರಡು ಸಲ ಮುರಿದು, ಮೂರನೆಯದರ ಮೇಲೆ ಕೂತೂ ಆಗಿತ್ತು. ಅಜ್ಜಿ ಬ್ರೆಡ್ ಹೋಳುಗಳನ್ನು ಹಂಚುತ್ತಾ, ತಂಗಿಯನ್ನು ಕೇಳಿ, ದಿನವಿಡೀ ಅದೇ ಕೆಲಸದಲ್ಲಿ ಇರುವವಳು ಅವಳಲ್ಲವೇ ಎಂದಳು. ಎಲ್ಲರೂ ತಂಗಿಯ ಕಡೆ ತಿರುಗಿದರು. ತಂಗಿ ತನಗೆ ತಿಳಿದದ್ದನ್ನು ಹೇಳಿದಳು. ಮೂರರಿಂದಲೂ ಉಪಯೋಗವಿದೆ, ಈ ಮನೆಗೆ ಹನಿಯೇ ಸರಿ, ಆದರೆ ಒಂದು ದಿನವೂ ತಪ್ಪಿಸಬಾರದು. ಆಗ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ಕಪಟ ಹುಟ್ಟಲು ಇನ್ನೂ ಕೆಲವು ವಾರ ಬೇಕಾಯಿತು.

ಹನಿ ಹಾಕುವ ಕೆಲಸ ಅಜ್ಜಿಯ ಪಾಲಿಗೆ ಬಂತು. ಚೋಟಿ ಮಲಗುವ ಹೊತ್ತಿಗೆ ಅತ್ತಿಗೆ ಅಂಗಡಿ ಮುಚ್ಚುತ್ತಿರುತ್ತಾಳೆ, ಅಣ್ಣ ಮರುದಿನದ ಹಿಟ್ಟು ಕಲಸಿಡುತ್ತಿರುತ್ತಾನೆ. ಅಜ್ಜಿಯ ಕೈ ನಡುಗುವ ಕೈಯಲ್ಲ. ಚೋಟಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೆಳರೆಪ್ಪೆ ಎಳೆದು, ಬಲಕ್ಕೊಂದು ಎಡಕ್ಕೊಂದು ಎಂದು ಹಾಕುತ್ತಿದ್ದಳು. ಅತ್ತಿಗೆ ಗಲ್ಲಾದವಳು, ಯಾವುದನ್ನೂ ನಂಬಿಕೆಯ ಮೇಲೆ ಬಿಡುವವಳಲ್ಲ. ಆಗಾಗ ಸೀಸೆಯನ್ನು ಬೆಳಕಿಗೆ ಹಿಡಿದು ಎಷ್ಟು ಇಳಿದಿದೆ ಎಂದು ನೋಡುತ್ತಿದ್ದಳು.

ಅಲ್ಲಿಂದ ಮುಂದೆ ಮನೆಯೆಲ್ಲ ಚೋಟಿಯ ಕಣ್ಣಿನ ಸುತ್ತ ತಿರುಗತೊಡಗಿತು. ಅಣ್ಣ ಓದುವ ಮೇಜನ್ನು ಕಿಟಕಿಯ ಹತ್ತಿರ ಸರಿಸಿದ, ಹೊಸ ದೀಪ ತಂದ. ಶಾಲೆಯಿಂದ ಬಂದ ಕೂಡಲೇ, ಚೋಟೀ, ಪುಸ್ತಕ ಆಮೇಲೆ, ಮೊದಲು ಹೊರಗೆ ಹೋಗಿ ಆಡು ಎಂದು ಅತ್ತಿಗೆ ಗಲ್ಲಾದಿಂದಲೇ ಕೂಗುತ್ತಿದ್ದಳು. ಸಂಜೆ ರಜೆಯಿದ್ದ ದಿನ ಅವಳನ್ನು ಮೈದಾನಕ್ಕೆ ಕರೆದೊಯ್ಯುವ ಕೆಲಸ ತಂಗಿಗೆ ಬಿತ್ತು.

ಮೈದಾನದ ಬೆಂಚಿನ ಮೇಲೆ ಕೂತು ತಂಗಿ ಚೋಟಿ ಓಡುವುದನ್ನು ನೋಡುತ್ತಿದ್ದಳು. ನೋಡುತ್ತಾ ಅವಳಿಗೆ ನೆನಪಾಗುತ್ತಿದ್ದದ್ದು ತನ್ನ ಒಂಬತ್ತು ವರ್ಷ. ಶಾಲೆಯಿಂದ ಬಂದವಳನ್ನು ಒಲೆಯ ಕೋಣೆಯ ಮೂಲೆಯಲ್ಲಿ ಕೂರಿಸಿ ಬನ್ನುಗಳಿಗೆ ಕಾಗದ ಸುತ್ತಿಸುತ್ತಿದ್ದರು. ಹಲಗೆ ಕಾಣುವುದಿಲ್ಲ ಎಂದು ಅವಳು ಅತ್ತಾಗ ನೆಪ ಹೇಳುತ್ತಾಳೆ ಎಂದರು. ಕನ್ನಡಕ ಹಾಕಿಸುವ ಹೊತ್ತಿಗೆ ಒಂದಿಡೀ ವರ್ಷ ಅವಳು ಮುಂದಿನ ಬೆಂಚಿನವಳ ಪುಸ್ತಕ ನೋಡಿ ಬರೆದುಕೊಂಡಿದ್ದಳು. ಆಮೇಲೆ ವರ್ಷ ವರ್ಷವೂ ಗಾಜು ದಪ್ಪವಾಗುತ್ತಾ ಹೋಯಿತು, ಯಾರೂ ಯಾಕೆ ಎಂದು ಕೇಳಲಿಲ್ಲ. ಈಗಲೂ ಸಂಜೆಯಾದರೆ ದೂರದ್ದು ಮಂಜು ಮಂಜು. ಪವರ್ ಇನ್ನೂ ಏರುತ್ತಿದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಎಷ್ಟು ಏರಿದೆಯೋ ಎಂಬ ಭಯಕ್ಕೆ, ಕನ್ನಡಕದ ಅಂಗಡಿಯಲ್ಲೇ ಕೆಲಸವಿದ್ದೂ, ಎರಡು ವರ್ಷದಿಂದ ಪರೀಕ್ಷೆಯ ಕುರ್ಚಿಯಲ್ಲಿ ಕೂತಿರಲಿಲ್ಲ. ಒಂಬತ್ತು ವರ್ಷದ ಮಗುವಿನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಂಥ ನಾಚಿಕೆಗೇಡು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಕಿಚ್ಚು ಕಡಿಮೆಯೇನೂ ಆಗಲಿಲ್ಲ.

ಒಂದು ದಿನ ಊಟದ ಹೊತ್ತಿಗೆ ಅವಳು ಬಾಯಿಬಿಟ್ಟಳು.

"ಅಣ್ಣ, ಮುಂದಿನ ಸಲ ಚೋಟೀನ ಡಾಕ್ಟರ ಹತ್ರ ಕರ್ಕೊಂಡು ಹೋಗುವಾಗ ನಾನೂ ಬರಲಾ? ನಂದೂ ಏರ್ತಾನೇ ಇದೆ."

ಅಣ್ಣ ತಲೆಯೆತ್ತುವ ಮುಂಚೆಯೇ ಅತ್ತಿಗೆ ಉತ್ತರ ಕೊಟ್ಟಳು. "ನಿಂಗ್ಯಾಕೆ ಈಗ? ಅದೆಲ್ಲ ಚಿಕ್ಕ ಮಕ್ಕಳಿಗೆ. ನಿನ್ನ ಕಣ್ಣು ಬೆಳೆಯೋದೆಲ್ಲ ಬೆಳೆದು ಮುಗಿದಿದೆ."

"ಬೆಳೀತಿದ್ದಾಗ ಯಾರು ನೋಡಿದ್ರು ಅತ್ತಿಗೆ? ಮೂಲೇಲಿ ಕೂರಿಸಿ ಕಾಗದ ಸುತ್ತಿಸ್ತಿದ್ರಿ."

"ನಾನೂ ಅದೇ ಮೂಲೇಲಿ ಕೂತು ಸುತ್ತಿದ್ದೀನಿ. ನಿನ್ನ ಪಕ್ಕದಲ್ಲೇ."

"ತಂಗೀ, ಊಟ ಮಾಡು" ಎಂದ ಅಣ್ಣ. ಅವನಿಗೆ ಜಗಳ ಬಗೆಹರಿಸಲು ಬರುತ್ತಿದ್ದದ್ದು ಅದೊಂದೇ ಮಾತು.

ತಂಗಿ ತಟ್ಟೆ ಬಿಟ್ಟು ಎದ್ದುಹೋದಳು. ಅತ್ತಿಗೆಗೂ ಆ ರಾತ್ರಿ ಊಟ ರುಚಿಸಲಿಲ್ಲ. ನಾದಿನಿಯ ಮೇಲೆ ಅವಳಿಗಿದ್ದ ಕಿಚ್ಚು ಇವತ್ತಿನದಲ್ಲ. ಮದುವೆಯಾಗಿ ಬಂದಾಗಿನಿಂದ ಗಂಡ ಒಲೆಯಿಂದ ತೆಗೆದ ಮೊದಲ ಬಿಸಿ ಬನ್ನನ್ನು ತಂಗಿಯ ಕೈಗೇ ಕೊಡುವುದನ್ನು ಅವಳು ನೋಡುತ್ತಾ ಬಂದಿದ್ದಳು. ಈಗೀಗ ಅವಳ ಸ್ವಂತ ಮಗಳೇ ಶಾಲೆಯ ಸುದ್ದಿಯನ್ನೆಲ್ಲ ತಂಗತ್ತೆಗಾಗಿ ಉಳಿಸಿಕೊಂಡು, ಅಮ್ಮನಿಗೆ ಹಸಿವು ಎಂಬ ಒಂದೇ ಮಾತು ಹೇಳುತ್ತಿದ್ದಳು.

ಈ ಜಗಳದಲ್ಲಿ ಒಂದು ಮಾತೂ ಆಡದವಳು ಅಜ್ಜಿ. ಮೂಲೆ, ಕಾಗದ, ಬನ್ನು ಎಂದಾಗ ಅವಳ ಕೈಯಲ್ಲಿದ್ದ ಚಾಕು ಮಾತ್ರ ನಿಂತುಬಿಟ್ಟಿತ್ತು. ಮಗಳನ್ನು ಆ ಮೂಲೆಯಲ್ಲಿ ಕೂರಿಸಿದ್ದು ಅವಳೇ. ಎಲ್ಲವನ್ನೂ ಸಮನಾಗಿ ಹಂಚಿದೆ ಎಂದು ಬದುಕೆಲ್ಲ ಬೀಗಿದವಳಿಗೆ, ಮಗನ ಮಗಳಿಗೆ ಸಿಕ್ಕ ಒಂದು ವಸ್ತು ತನ್ನ ಮಗಳಿಗೆ ಸಿಕ್ಕಿಲ್ಲವೆಂದು ಎದುರಿಗೇ ಹೇಳಿಸಿಕೊಳ್ಳಬೇಕಾಯಿತು. ಅದನ್ನು ಸರಿಮಾಡದೆ ಅವಳಿಂದ ಇರಲಾಗಲಿಲ್ಲ.

ಮರುದಿನ ಚೋಟಿಯನ್ನು ಮಲಗಿಸಿದ ಮೇಲೆ ಅಜ್ಜಿ ಮಗಳನ್ನು ಒಳಗೆ ಕರೆದಳು. ತಂಗಿ ಬಂದು ಮಂಚದ ಅಂಚಿನಲ್ಲಿ ಕೂತಾಗ ಅವಳ ಗಲ್ಲ ಹಿಡಿದೆತ್ತಿ ಕನ್ನಡಕ ತೆಗೆದಳು.

"ಕಣ್ಣು ಬಿಡು. ಎಡಗಣ್ಣು."

"ಇದು ಚೋಟಿದು ಅಲ್ವಾಮ್ಮ?"

"ಅವಳಿಗೂ ಹಾಕಿದೀನಿ, ಬಲಗಣ್ಣಿಗೆ. ಬಲಗಣ್ಣಿನ ಹನಿ ಅವಳದು, ಎಡಗಣ್ಣಿನ ಹನಿ ನಿಂದು. ಸೀಸೇಲಿ ಇಳಿಯೋದು ಅಷ್ಟೇ ಇಳಿಯುತ್ತೆ, ಯಾರಿಗೂ ಮೋಸ ಇಲ್ಲ."

"ಮತ್ತೆ ಅವಳ ಇನ್ನೊಂದು ಕಣ್ಣು?"

ಅಜ್ಜಿ ಇದನ್ನೆಲ್ಲ ಯೋಚಿಸಿಯೇ ಇದ್ದಳು. "ಹುಳಿಹಿಟ್ಟನ್ನ ಇಡೀ ರಾಶಿಗೆ ಸವರ್ತೀವಾ? ಒಂದು ಕಡೆ ಹಾಕಿದ್ರೆ ತಾನೇ ಎಲ್ಲಾ ಕಡೆ ಹರಡಿ ಹುದುಗುತ್ತೆ. ಹನಿ ಹಾಕಿದ್ರೆ ಚೋಟಿ ಗಂಟಲು ಕಹಿ ಅಂತಾಳೆ. ಕಣ್ಣಿಂದ ಗಂಟಲಿಗೆ ಹೋಗೋದು ಪಕ್ಕದ ಕಣ್ಣಿಗೆ ಹೋಗದೆ ಇರುತ್ತಾ?"

ಅಜ್ಜಿ ಅದನ್ನು ನಂಬಿದ್ದಳು. ಹಿಟ್ಟಿನಲ್ಲಿ ಬದುಕು ಕಳೆದವಳಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೆ ತಂಗಿ ಕನ್ನಡಕದ ಅಂಗಡಿಯವಳು. ಎರಡು ಕಣ್ಣಿಗೆ ಎರಡು ಬೇರೆ ಬೇರೆ ಪವರಿನ ಗಾಜು ಉಜ್ಜುವವಳು. ಒಂದು ಕಣ್ಣಿನ ಔಷಧಿ ಇನ್ನೊಂದು ಕಣ್ಣಿನ ಕೆಲಸ ಮಾಡಿಕೊಡುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗಲ್ಲಮ್ಮ ಎಂಬ ಒಂದು ಮಾತು ಸಾಕಿತ್ತು. ಆ ಮಾತು ಬಾಯಿಗೆ ಬಂದೂ ಇತ್ತು. ಪಕ್ಕದ ಹಾಸಿಗೆಯಲ್ಲಿ ಚೋಟಿ ಬಾಯಿ ತೆರೆದು ನಿದ್ದೆ ಹೋಗಿದ್ದಳು, ಅವಳ ತಲೆಯ ಹತ್ತಿರ ಅಣ್ಣ ತಂದ ಹೊಸ ದೀಪವಿತ್ತು. ಒಂದು ಕಣ್ಣು ಅವಳಿಗೆ, ಒಂದು ಕಣ್ಣು ನನಗೆ, ಅದರಲ್ಲೇನು ತಪ್ಪು ಎಂದುಕೊಂಡು ತಂಗಿ ಎಡಗಣ್ಣು ಅಗಲಿಸಿದಳು.

ಅಲ್ಲಿಂದ ಅದೇ ನಡೆಯಿತು. ಚೋಟಿಗೆ ಒಂದು ಕಣ್ಣಿನ ಉರಿ ತಪ್ಪಿದ್ದೇ ಖುಷಿ, ಅವಳು ಯಾರಿಗೂ ಹೇಳಲಿಲ್ಲ, ಯಾರೂ ಅವಳನ್ನು ಕೇಳಲೂ ಇಲ್ಲ. ಅತ್ತಿಗೆ ಸೀಸೆಯನ್ನು ಬೆಳಕಿಗೆ ಹಿಡಿದಾಗ ಎಲ್ಲ ಸರಿಯಾಗಿಯೇ ಇಳಿದಿರುತ್ತಿತ್ತು. ಅಜ್ಜಿ ಎಷ್ಟೋ ವರ್ಷಗಳ ಭಾರ ಇಳಿದವಳಂತೆ ನೆಮ್ಮದಿಯಿಂದ ಮಲಗುತ್ತಿದ್ದಳು.

ತಂಗಿಗೆ ಮಾತ್ರ ನೆಮ್ಮದಿಯಿರಲಿಲ್ಲ. ಕದ್ದು ತಿಂದವರು ಮಾಡುವಂತೆ ಅವಳು ಚೋಟಿಯನ್ನು ಅತಿಯಾಗಿ ಮುದ್ದು ಮಾಡತೊಡಗಿದಳು. ಜಡೆ ಹಾಕಿದಳು, ಲೆಕ್ಕ ಹೇಳಿಕೊಟ್ಟಳು, ಮೈದಾನದಲ್ಲಿ ತಾನೂ ಜೊತೆಗೆ ಓಡಿದಳು. ಬಿಸಿಲಿಗೆ ಬಂದಾಗ ಚೋಟಿ ಬಲಗಣ್ಣನ್ನು ಮಾತ್ರ ಕಿರಿದು ಮಾಡುವುದನ್ನು ಮೊದಲು ಕಂಡವಳು ಅವಳೇ. ಹನಿ ಬಿದ್ದ ಕಣ್ಣಿನ ಪಾಪೆ ಕೊಂಚ ಅಗಲವಾಗುತ್ತದೆ, ಬೆಳಕು ಚುಚ್ಚುತ್ತದೆ. ತಂಗಿಯ ಎಡಗಣ್ಣೂ ಬಿಸಿಲಿಗೆ ಹಾಗೇ ಚುಚ್ಚುತ್ತಿತ್ತು. ಇಬ್ಬರೂ ಎದುರು ಬದುರು ನಿಂತು ಒಂದೊಂದು ಕಣ್ಣು ಮುಚ್ಚಿಕೊಂಡಾಗ ಚೋಟಿ ಬಿದ್ದು ಬಿದ್ದು ನಕ್ಕಳು. ತಂಗಿಗೆ ನಗು ಬರಲಿಲ್ಲ.

ಅತ್ತಿಗೆಗೂ ಅದು ಕಣ್ಣಿಗೆ ಬಿತ್ತು. ಯಾಕೆ ಹೀಗೆ ಕಣ್ಣು ಹೊಡೆಯುತ್ತಿ, ಯಾರಿಂದ ಕಲಿತೆ ಎಂದು ಗದರಿದಳು. ಈ ಕಣ್ಣಿಗೆ ಬಿಸಿಲು ಜಾಸ್ತಿ ಬರುತ್ತೆ ಎಂದಳು ಚೋಟಿ. ಗಲ್ಲಾದ ಮುಂದೆ ಜನ ನಿಂತಿದ್ದರು, ಮಾತು ಅಲ್ಲಿಗೇ ನಿಂತಿತು.

ಎರಡು ಸಲ ತಂಗಿ ಎಲ್ಲವನ್ನೂ ಹೇಳಿಬಿಡಬೇಕೆಂದು ಹೊರಟಿದ್ದಳು. ಒಮ್ಮೆ ಅಂಗಡಿಯಲ್ಲಿ ಅತ್ತಿಗೆಯ ಎದುರಿಗೇ ನಿಂತಿದ್ದಳು. ಆಗ ಅತ್ತಿಗೆ ಔಷಧಿ ಅಂಗಡಿಯವನ ಹೆಂಡತಿಗೆ, ನಮ್ಮವಳಿಗೆ ಹನಿಯಿಂದಲೇ ನಿಲ್ಲುತ್ತದೆ ನೋಡುತ್ತಿರಿ ಎಂದು ಎದೆಯುಬ್ಬಿಸಿ ಹೇಳುತ್ತಿದ್ದಳು. ಇನ್ನೊಮ್ಮೆ ಅಣ್ಣನ ಹತ್ತಿರ ಒಲೆಯ ಕೋಣೆಗೆ ಹೋದಳು. ಅಣ್ಣ ಚೋಟಿಗೆಂದು ಅಗಲ ಅಂಚಿನ ಟೋಪಿಯೊಂದನ್ನು ತಂದಿದ್ದ, ತಂಗಿಯ ತಲೆಗೇ ಹಾಕಿ, ಅವಳಿಗೆ ಸರಿಹೋಗುತ್ತಾ ನೋಡು ಎಂದ. ಹಾಕಿದ್ದು ನನ್ನ ತಲೆಗೆ, ತಂದದ್ದು ಅವಳಿಗೆ ಎಂದು ತಂಗಿಯ ಮನಸ್ಸು ಮತ್ತೆ ಕಹಿಯಾಯಿತು. ಸರಿಹೋಗುತ್ತೆ ಎಂದಷ್ಟೇ ಹೇಳಿ ವಾಪಸು ಬಂದಳು.

ಆರು ತಿಂಗಳಾದ ಮೇಲೆ ಪರೀಕ್ಷೆಯ ದಿನ ಬಂತು. ಅತ್ತಿಗೆ ಚೋಟಿಗೆ ಒಳ್ಳೆಯ ಬಟ್ಟೆ ಹಾಕಿಸಿ, ಬಹುಮಾನ ತರಲು ಹೊರಟವಳಂತೆ ಹೊರಟಳು. ಡಾಕ್ಟರಮ್ಮ ಬಲಗಣ್ಣು ನೋಡಿ ಸಂತೋಷಪಟ್ಟರು, ಒಂದಿಷ್ಟೂ ಏರಿಲ್ಲ ಎಂದರು. ಎಡಗಣ್ಣು ನೋಡಿದರು. ಮತ್ತೊಮ್ಮೆ ನೋಡಿದರು. ಎಡಗಣ್ಣು ಹಿಂದಿನಂತೆಯೇ ಏರಿತ್ತು, ಹನಿಯನ್ನೇ ಕಾಣದ ಕಣ್ಣಿನ ಹಾಗೆ. ಆಮೇಲೆ ಎರಡು ಪಾಪೆಗಳನ್ನೂ ಹೋಲಿಸಿ ನೋಡಿ, ಹನಿ ಎರಡೂ ಕಣ್ಣಿಗೆ ಹಾಕುತ್ತಿದ್ದೀರಲ್ಲವೇ ಎಂದು ಕೇಳಿದರು. ಒಂದು ದಿನವೂ ತಪ್ಪಿಸಿಲ್ಲ ಎಂದಳು ಅತ್ತಿಗೆ.

"ನಂಗೆ ಒಂದೇ ಕಣ್ಣಿಗೆ" ಎಂದಳು ಚೋಟಿ, ಕುರ್ಚಿಯ ಮೇಲೆ ಕಾಲು ಆಡಿಸುತ್ತಾ. "ಇನ್ನೊಂದು ತಂಗತ್ತೆಗೆ. ಅಜ್ಜಿ ಪಾಲು ಮಾಡ್ತಾರೆ."

ಡಾಕ್ಟರಮ್ಮ ತಂಗಿಯ ವಯಸ್ಸು ಕೇಳಿದರು. ಒಬ್ಬರ ಹನಿಯನ್ನು ಇನ್ನೊಬ್ಬರಿಗೆ ಹಾಕಬಾರದು, ಅವಳಿಗೆ ಬೇಕಿದ್ದರೆ ಅವಳನ್ನೂ ಕರೆತರಬೇಕಿತ್ತು, ನೋಡುತ್ತಿದ್ದೆ, ಈಗಲಾದರೂ ಕಳಿಸಿ ಎಂದರು. ಚೋಟಿಗೆ ಇಂದಿನಿಂದಲೇ ಎರಡೂ ಕಣ್ಣಿಗೆ ಹಾಕಿ, ಇನ್ನು ಮುಂದಿನದನ್ನು ನಿಧಾನ ಮಾಡಬಹುದು, ಈ ಆರು ತಿಂಗಳಲ್ಲಿ ಆದದ್ದು ಆಯಿತು ಎಂದರು. ಹೊಸ ಕನ್ನಡಕಕ್ಕೆ ಚೀಟಿ ಬರೆದುಕೊಟ್ಟರು.

ಅತ್ತಿಗೆ ಚೋಟಿಯ ಕೈ ಹಿಡಿದು ನೇರ ಮನೆಗೆ ನಡೆದಳು. ಅಂಗಡಿಗೆ ಬೀಗ ಹಾಕಿಸಿದಳು, ಗಂಡನನ್ನು ಒಲೆಯಿಂದ ಕರೆಸಿದಳು, ನಾದಿನಿ ಕೆಲಸದಿಂದ ಬರುವವರೆಗೂ ಕಾದಳು. ಚೋಟಿಯನ್ನು ಪಕ್ಕದ ಮನೆಗೆ ಕಳಿಸಿ, ಊಟದ ಮೇಜಿನ ಮೇಲೆ ಸೀಸೆ ಇಟ್ಟಳು. ಅಜ್ಜಿ ಬಟಾಣಿ ಸುಲಿಯುತ್ತಿದ್ದಳು.

"ನನ್ನ ಮಗಳ ಕಣ್ಣನ್ನ ಹೋಳು ಮಾಡಿದ್ರಿ ಅತ್ತೆ" ಎಂದಳು.

ಅಜ್ಜಿಗೆ ಗಾಬರಿಯೇನೂ ಆಗಲಿಲ್ಲ. ಯಾರಿಗೂ ಹೆಚ್ಚು ಕೊಟ್ಟಿಲ್ಲ, ಯಾರಿಗೂ ಕಡಿಮೆ ಕೊಟ್ಟಿಲ್ಲ, ಇಬ್ಬರೂ ಇದೇ ಮನೆಯ ಮಕ್ಕಳು, ಸಮನಾಗಿ ಹಾಕಿದ್ದೇನೆ ಎಂದಳು. ಹುಳಿಹಿಟ್ಟಿನ ಮಾತನ್ನೂ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಹಳೆಯ ಹೆಮ್ಮೆಯೇ ಇತ್ತು. ಅಣ್ಣನಿಗೆ ಏನೂ ಅರ್ಥವಾಗದೆ ಹೆಂಡತಿಯ ಮುಖ ನೋಡಿದ. ಅವಳು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿ, ಒಂದು ಕಣ್ಣು ನಿಂತಿದೆ, ಒಂದು ಕಣ್ಣು ಓಡಿದೆ, ಹಾಕಿದ ಕಡೆಯೇ ಉಳಿಯುತ್ತದಂತೆ ಹೊರತು ಹರಡುವುದಿಲ್ಲವಂತೆ ಎಂದಳು.

ಬಟಾಣಿಯ ಸಿಪ್ಪೆ ಅಜ್ಜಿಯ ಕೈಯಲ್ಲೇ ಉಳಿಯಿತು. ಅವಳು ಸೊಸೆಯ ಮಾತು ನಂಬದೆ ಮಗಳ ಕಡೆ ತಿರುಗಿದಳು.

"ಹೌದೇನೇ ತಂಗೀ? ಹರಡಲ್ವಾ?"

"ಹರಡಲ್ಲಮ್ಮ."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವತ್ತಿಂದ?"

"ಮೊದಲನೇ ದಿನದಿಂದ."

ಅತ್ತಿಗೆ ಬೈಯುವುದಕ್ಕೆಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದಿದ್ದ ಮಾತುಗಳೆಲ್ಲ ಅಜ್ಜಿಯ ಮೇಲಿದ್ದವು. ಈಗ ಅವುಗಳನ್ನು ಎಲ್ಲಿಡಬೇಕೆಂದು ಅವಳಿಗೇ ತೋಚಲಿಲ್ಲ. ಯಾಕೆ ಎಂದು ಕೇಳಿದವನು ಅಣ್ಣ, ಒಲೆಯ ಬಿಸಿಗೆ ಕೆಂಪಾದ ಮುಖ ಬಿಳಿಚಿಕೊಂಡು.

"ಹೊಟ್ಟೆಕಿಚ್ಚು ಅಣ್ಣ" ಎಂದಳು ತಂಗಿ. "ಚೋಟಿ ಮೇಲೆ."

ಅತ್ತಿಗೆ ಮೆಲ್ಲಗೆ ಹೇಳಿದಳು. "ನಂಗೂ ಇತ್ತು, ನಿನ್ನ ಮೇಲೆ. ಈಗಲೂ ಇದೆ. ಆದ್ರೆ ನಿನ್ನ ತಟ್ಟೆಯಿಂದ ನಾನು ಯಾವತ್ತೂ ಏನೂ ಎತ್ತಿಕೊಂಡಿಲ್ಲ."

ಸೀಸೆಯನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಅಂದಿನಿಂದ ಅಂಗಡಿ ಅರ್ಧ ತಾಸು ಮುಂಚೆಯೇ ಮುಚ್ಚತೊಡಗಿತು. ಚೋಟಿಯ ತಲೆ ಅಮ್ಮನ ತೊಡೆಯ ಮೇಲೆ ಬಂತು. ಅಜ್ಜಿ ಅಡುಗೆಮನೆಯಲ್ಲಿ ಎಲ್ಲ ಕೆಲಸವನ್ನೂ ಮಾಡುತ್ತಿದ್ದಳು, ಹಂಚುವುದನ್ನು ಮಾತ್ರ ಬಿಟ್ಟಳು. ಬ್ರೆಡ್ಡನ್ನು ಇಡಿಯಾಗಿ ಮೇಜಿನ ಮೇಲಿಟ್ಟು, ಚಾಕುವನ್ನು ಪಕ್ಕಕ್ಕಿಟ್ಟು, ಬೇಕಾದವರು ಕೊಯ್ದುಕೊಳ್ಳಿ ಎನ್ನುತ್ತಿದ್ದಳು. ಮಗಳೊಡನೆ ಅವಳು ಜಗಳವಾಡಲಿಲ್ಲ, ಮಾತೂ ಹೆಚ್ಚು ಆಡಲಿಲ್ಲ. ಒಮ್ಮೆ ಮಾತ್ರ, ಪಾತ್ರೆ ಒರೆಸುತ್ತಾ, ನನಗೆ ಗೊತ್ತಿರಲಿಲ್ಲ ಕಣೇ, ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು ಎಂದಳು.

ಡಾಕ್ಟರಮ್ಮನ ಹತ್ತಿರ ತಂಗಿಯನ್ನು ಅಣ್ಣನೇ ಕರೆದುಕೊಂಡು ಹೋದ. ಇಬ್ಬರೂ ದಾರಿಯಲ್ಲಿ ಹವೆಯ ಬಗ್ಗೆ ಮಾತ್ರ ಮಾತಾಡಿದರು. ಪರೀಕ್ಷೆ ಬೇಗ ಮುಗಿಯಿತು. ಅವಳ ಹಳೆಯ ಚೀಟಿ ನೋಡಿ, ಇವತ್ತಿನದನ್ನು ನೋಡಿ, ಡಾಕ್ಟರಮ್ಮ ಎರಡನ್ನೂ ಅವಳ ಮುಂದಿಟ್ಟರು. ಎರಡೂ ಒಂದೇ. ಬಲವೂ ಅಷ್ಟೇ, ಎಡವೂ ಅಷ್ಟೇ. ನಿಮ್ಮ ವಯಸ್ಸಿನಲ್ಲಿ ಕೆಲವರಿಗೆ ಏರುತ್ತಲೇ ಇರುತ್ತದೆ, ನಿಮ್ಮದು ತಾನಾಗಿಯೇ ನಿಂತಿದೆ, ಹನಿಯಿಂದ ಅಲ್ಲ, ಹನಿ ಕಾಣದ ಕಣ್ಣೂ ನಿಂತಿದೆಯಲ್ಲ ಎಂದರು. ಸಂಜೆಯ ಮಂಜು ಎಂದರೆ ಗೀರು ಬಿದ್ದ ಹಳೆಯ ಗಾಜು. ಊರಿಗೆಲ್ಲ ಗಾಜು ಉಜ್ಜಿ ಕೊಡುವವಳು ತನ್ನದನ್ನು ಬದಲಾಯಿಸಿರಲಿಲ್ಲ.

ಅಣ್ಣ ನಿಟ್ಟುಸಿರು ಬಿಟ್ಟು, ಒಳ್ಳೆಯದೇ ಆಯಿತಲ್ಲ ಎಂದ. ತಂಗಿಗೆ ಅಳು ಉಕ್ಕಿ ಬಂತು. ತನಗೆ ಬೇಕೇ ಇಲ್ಲದ ಹನಿಯನ್ನು ಅವಳು ಆರು ತಿಂಗಳು ಒಂದು ಮಗುವಿನ ಕಣ್ಣಿನಿಂದ ಕಿತ್ತುಕೊಂಡಿದ್ದಳು.

ಕೆಲವು ದಿನಗಳಾದ ಮೇಲೆ ಅತ್ತಿಗೆ ಕನ್ನಡಕದ ಅಂಗಡಿಗೆ ಬಂದಳು. ಪೇಟೆಯಲ್ಲಿ ಬೇರೆ ಅಂಗಡಿಗಳು ಇರಲಿಲ್ಲವೆಂದಲ್ಲ. ಚೋಟಿಯ ಚೀಟಿಯನ್ನು ಕೌಂಟರಿನ ಮೇಲಿಟ್ಟು, ಅಂಗಡಿಯ ಯಜಮಾನರಿಗೆ ಹೇಳದೆ, ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ನೀನೇ ಮಾಡು" ಎಂದಳು. "ಎರಡೂ ಗಾಜನ್ನ ನೋಡ್ಕೊಂಡು ಮಾಡು."

ತಂಗಿ ಮಾಡಿದಳು. ಬಲದ್ದು ಮುಗಿಸಿ ಎಡದ್ದನ್ನು ಯಂತ್ರಕ್ಕೆ ಕೊಟ್ಟಳು. ಉಜ್ಜಿ ತೆಗೆದು ಎರಡನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದಳು. ಎಡದ ಗಾಜಿನ ಅಂಚು ದಪ್ಪವಾಗಿತ್ತು, ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ತಿಳಿಯುವಷ್ಟು. ಇಂಥದ್ದನ್ನು ಮರೆಮಾಡುವ ದಪ್ಪ ಫ್ರೇಮುಗಳು ಅಂಗಡಿಯಲ್ಲಿದ್ದವು. ಚೋಟಿ ಆರಿಸಿದ್ದು ತೆಳು ಕೆಂಪು ಫ್ರೇಮು, ತಂಗಿ ಅದಕ್ಕೇ ಕೂರಿಸಿದಳು.

ಭಾನುವಾರ ಮಧ್ಯಾಹ್ನ ಹೊಸ ಕನ್ನಡಕ ಚೋಟಿಯ ಮೂಗಿನ ಮೇಲೆ ಬಂತು. ಅವಳು ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿ, ಎಲ್ಲರೂ ಕಾಣುತ್ತೀರಿ ಎಂದು ಸಾರಿದಳು. ಮೇಜಿನ ಮೇಲೆ ಅಣ್ಣ ಬೇಯಿಸಿದ ಕೇಕ್ ಇಡಿಯಾಗಿಯೇ ಇತ್ತು. ಅಜ್ಜಿ ಎಂದಿನಂತೆ ಚಾಕುವನ್ನು ಪಕ್ಕಕ್ಕಿಟ್ಟು ಕೈ ಮಡಿಸಿ ಕೂತಿದ್ದಳು. ಯಾರೂ ಕೈ ಹಾಕದ್ದನ್ನು ನೋಡಿ ಚೋಟಿಯೇ ಕುರ್ಚಿ ಹತ್ತಿ ಕೊಯ್ಯತೊಡಗಿದಳು. ಒಂದು ಹೋಳು ಬೆರಳಿನಷ್ಟು, ಒಂದು ಅಂಗೈಯಷ್ಟು, ಒಂದು ಪುಡಿ ಪುಡಿ. ಅಜ್ಜಿಯ ಕೈ ಒಮ್ಮೆ ಮುಂದೆ ಬಂದು ಮತ್ತೆ ಮಡಿಲಿಗೆ ಹೋಯಿತು. ಎಲ್ಲಕ್ಕಿಂತ ದೊಡ್ಡ ಹೋಳನ್ನು ಚೋಟಿ ಎರಡೂ ಕೈಯಲ್ಲಿ ಎತ್ತಿ ತಂಗತ್ತೆಯ ತಟ್ಟೆಗೆ ಹಾಕಿದಳು. ಕನ್ನಡಕ ಮಾಡಿದ್ದಕ್ಕೆ ಎಂದಳು.

ತಂಗಿ ಆ ಹೋಳನ್ನು ನೋಡುತ್ತಾ ಕೂತಳು. ತಟ್ಟೆಯನ್ನು ನಡುವೆ ಸರಿಸಿ ಎಲ್ಲರಿಗೂ ಮುರಿದು ಕೊಡೋಣವೆಂದು ಕೈ ಎತ್ತಿದಾಗ ಅತ್ತಿಗೆ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

"ತಿನ್ನು" ಎಂದಳು. "ಇದು ಅವಳಾಗಿ ಕೊಟ್ಟಿದ್ದು."

ಅತ್ತಿಗೆ ಎದುರಿಗೇ ಕೂತು ನೋಡುತ್ತಿದ್ದಳು. ತಂಗಿ ಪೂರ್ತಿ ತಿಂದಳು.